ಯುದ್ಧಕಾಲದ ಇಂಗ್ಲೆಂಡಿನಲ್ಲಿ ಕಜ್ಜಿ ಪ್ರಕರಣ ನಿಭಾಯಿಸುತ್ತಿದ್ದ ಕ್ರಮ

1941ರ ಕಜ್ಜಿ ಆದೇಶದಿಂದ ಸ್ಥಳೀಯ ಆರೋಗ್ಯಾಧಿಕಾರಿಗೆ ಮನೆ ತಪಾಸಣೆ ಮಾಡುವ, ಮನೆಯವರನ್ನು ಪರೀಕ್ಷಿಸಿ ಚಿಕಿತ್ಸೆಗೆ ಕಳಿಸುವ ಅಧಿಕಾರ ಸಿಕ್ಕಿತು. ಶಾಲೆಯಲ್ಲಿ ಒಂದು ಮಗುವಿಗೆ ಕಜ್ಜಿ ಕಂಡರೆ ಇಡೀ ಮನೆಯವರನ್ನು ನೋಡಬೇಕು. ಮೊದಲ ಬಾರಿ ತಗಲಿದವರಿಗೆ ಸುಮಾರು ಒಂದು ತಿಂಗಳು ತುರಿಕೆಯೇ ಇರುವುದಿಲ್ಲ. "ನನಗೇನೂ ಇಲ್ಲ" ಎಂಬ ಮಾತು ನಂಬಿದರೆ ಕೆಲಸ ಕೆಟ್ಟಿತು.

ಮೊದಲು ಬೆರಳ ಸಂದು, ಮಣಿಕಟ್ಟು ನೋಡಿ. ಕಜ್ಜಿ ತರುವ ಅತಿ ಸಣ್ಣ ಹುಳುಗಳಲ್ಲಿ ಹೆಚ್ಚಿನವು ಅಲ್ಲೇ ಚರ್ಮದೊಳಗೆ ಬಿಲ ಕೊರೆಯುತ್ತವೆ. ಆಮೇಲೆ ಮೊಣಕೈ, ಪಾದ, ಜನನಾಂಗ.

ಆಗಿನ ಮದ್ದು ಬೆಂಜೈಲ್ ಬೆಂಜೊಯೇಟ್, ಸುಮಾರು 25% ಎಮಲ್ಷನ್ (ನೀರಿನಲ್ಲಿ ಕದಡಿದ ಹಾಲಿನಂಥ ದ್ರವ). ಸ್ನಾನವಾಗಿ ಮೈ ಒರೆಸಿದ ಮೇಲೆ ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ ಹಚ್ಚಿ, ಒಣಗಿದ ಮೇಲೆ ಬಟ್ಟೆ ಹಾಕಿಸಬೇಕು. ಮನೆಯವರೆಲ್ಲರಿಗೂ ಒಂದೇ ದಿನ. ಹಚ್ಚಿದ ಮೇಲೆ ಕೈ ತೊಳೆದರೆ, ಹುಳು ಹೆಚ್ಚಿರುವ ಜಾಗದ ಮದ್ದೇ ಹೋಯಿತು; ಮತ್ತೆ ಹಚ್ಚಿ.

ಹಾಸಿಗೆ, ಕಂಬಳಿಗಳನ್ನು ಹಬೆಯಲ್ಲಿ ಬೇಯಿಸುವ ಹಳೇ ಪದ್ಧತಿ ಬಹುಪಾಲು ವ್ಯರ್ಥ ಶ್ರಮ. ಕೀಟಶಾಸ್ತ್ರಜ್ಞ ಕೆನೆತ್ ಮೆಲನ್‌ಬಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ರೋಗಿಗಳು ಬಳಸಿದ ಕಂಬಳಿಯಿಂದ ಕಜ್ಜಿ ಅಂಟಿದ್ದು ತೀರಾ ಅಪರೂಪ. ಅಂಟುತ್ತಿದ್ದದ್ದು ಹೆಚ್ಚಾಗಿ ಮೈಗೆ ಮೈ ತಾಗಿ. ಹಬೆ ಎಬ್ಬಿಸಲು ಸುಡುವ ಕಲ್ಲಿದ್ದಲನ್ನು ಉಳಿಸಬೇಕಾದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಹುಳು ಸತ್ತರೂ ತುರಿಕೆ ಒಂದೆರಡು ವಾರ ಉಳಿಯುತ್ತದೆ. ಆಗ ಮತ್ತೆ ಮತ್ತೆ ಮದ್ದು ಬಳಿದರೆ ಚರ್ಮ ಉರಿದು ಹೊಸ ದದ್ದು ಏಳುತ್ತದೆ, ಅದನ್ನೇ ಕಜ್ಜಿ ಎಂದುಕೊಳ್ಳುತ್ತಾರೆ. ಹೊಸ ಬಿಲ ಕಾಣದೆ ಎರಡನೇ ಸುತ್ತು ಬೇಡ.