ಮೊದಲು ಟೌ(2) ಎಷ್ಟು ಅಂತ ಓದಿ ಹೇಳಿ

ನಾವು ನಾಲ್ಕು ಜನ. ಇಬ್ಬರು ಬೆಂಗಳೂರಲ್ಲಿ, ಒಬ್ಬರು ಮುಂಬೈಯಲ್ಲಿ, ಇನ್ನೊಬ್ಬರು ಫ್ರಾನ್ಸಿನ ಬೋರ್ಡೋದಲ್ಲಿ. ಸಂಖ್ಯಾ ಸಿದ್ಧಾಂತದಲ್ಲಿ ಬರುವ ಮಾಡ್ಯುಲರ್ ಫಾರ್ಮ್‌ಗಳ (ತುಂಬಾ ಸಮ್ಮಿತಿ ಇರುವ ಒಂದು ಬಗೆಯ ಫಂಕ್ಷನ್‌ಗಳು) ಎಲ್-ಫಂಕ್ಷನ್ (ಅವುಗಳ ಗುಣಾಂಕಗಳಿಂದ ಕಟ್ಟುವ ಸರಣಿ) ಮೇಲೆ ಕೆಲಸ. ಲೆಕ್ಕ ಹಾಕುವುದು, ಕೋಡ್ ನೋಡಿಕೊಳ್ಳುವುದು, ಎಲ್ಲರ ಟಿಪ್ಪಣಿ ಒಂದು ಕಡೆ ಜೋಡಿಸಿಡುವುದು ನನ್ನ ಪಾಲಿಗೆ ಬಂತು.

ಎರಡನೇ ತಿಂಗಳಲ್ಲೇ ಸಿಕ್ಕಿಬಿದ್ದೆವು. ಮುಂಬೈ ಮೇಡಂ ಕಳಿಸಿದ ಎಲ್-ಫಂಕ್ಷನ್ ಬೆಲೆಗೂ ನನ್ನ ಬೆಲೆಗೂ ತಾಳೆಯೇ ಇಲ್ಲ. ಒಂದು ವಾರ ಕೋಡ್ ಸಾಲುಸಾಲಾಗಿ ಓದಿದೆ, ಏನೂ ಸಿಗಲಿಲ್ಲ. ಕೊನೆಗೆ ಫೋನ್ ಮಾಡಿ, ‘ಮೇಡಂ, ಸುಮ್ನೆ ಡೆಲ್ಟಾ ತಗೊಳ್ಳಿ, ಎರಡನೇ ಗುಣಾಂಕ ಓದಿ’ ಅಂದೆ. ಡೆಲ್ಟಾ ಅಂದರೆ ಹೆಸರಾದ ಒಂದು ಮಾಡ್ಯುಲರ್ ಫಾರ್ಮ್, ಅದರ ಎರಡನೇ ಗುಣಾಂಕವೇ ಟೌ(2), ಮೂರನೆಯದು ಟೌ(3), ಹೀಗೆ. ‘-24’ ಅಂದರು. ನನ್ನ ಪರದೆ ಮೇಲೆ -0.53 ಇತ್ತು! ಡೆಲ್ಟಾದ ತೂಕ (ಪ್ರತಿ ಮಾಡ್ಯುಲರ್ ಫಾರ್ಮ್‌ಗೂ ಇರುವ ಒಂದು ಸಂಖ್ಯೆ) 12, ಹಾಗಾಗಿ -24 ಅನ್ನು 2ರ 11/2 ಘಾತದಿಂದ ಭಾಗಿಸಿದರೆ ನನ್ನ ಸಂಖ್ಯೆ ಬರುತ್ತದೆ. ಅವರ ಪದ್ಧತಿಯಲ್ಲಿ ಮಧ್ಯಬಿಂದು (ಎಲ್-ಫಂಕ್ಷನ್ನಿನ ಸಮ್ಮಿತಿಯ ಕೇಂದ್ರ) 6, ನನ್ನದರಲ್ಲಿ 1/2. ಎರಡೂ ಸರಿಯೇ. ಆದರೆ ಅವರ ಗುಣಾಂಕ ತಗೊಂಡು ನನ್ನ ಬಿಂದುವಿನಲ್ಲಿ ಬೆಲೆ ಕಟ್ಟಿದ್ದೆವು.

ಅವತ್ತೇ ಒಂದು ಪುಟದ ಫೈಲ್ ಶುರು ಮಾಡಿದೆ. ಯಾವ ನಾರ್ಮಲೈಸೇಶನ್ (ಮೇಲಿನ ಎರಡು ಪದ್ಧತಿಗಳಲ್ಲಿ ಯಾವುದು), ಡಿರಿಷ್ಲೆ ಕ್ಯಾರೆಕ್ಟರ್‌ಗೆ (ಭಾಗಿಸಿ ಉಳಿಯುವ ಶೇಷದ ಮೇಲೆ ನಿಂತ ಒಂದು ಬಗೆಯ ಫಂಕ್ಷನ್) ಯಾವ ಹೆಸರು, ಎಲ್ಲ ಅದರಲ್ಲಿ. ತೂಕದ ಹಾಗೆ ಲೆವೆಲ್ ಕೂಡ ಪ್ರತಿ ಫಾರ್ಮ್‌ಗೂ ಇರುವ ಒಂದು ಸಂಖ್ಯೆ, ಆದರೆ ‘ಆ ಲೆವೆಲ್ ಹನ್ನೊಂದರ ಫಾರ್ಮ್’ ಅಂತ ಯಾರೂ ಬರೆಯುವ ಹಾಗಿಲ್ಲ. ಎಲ್‌ಎಂಎಫ್‌ಡಿಬಿ (ಎಲ್-ಫಂಕ್ಷನ್, ಮಾಡ್ಯುಲರ್ ಫಾರ್ಮ್‌ಗಳ ಆನ್‌ಲೈನ್ ಡೇಟಾಬೇಸ್) ಕೊಡುವ 11.2.ಎ.ಎ ಅನ್ನೋ ಲೇಬಲ್ಲೇ ಬರೀಬೇಕು. ಲೆವೆಲ್ 11, ತೂಕ 2 ಅಂತ ಅದರಲ್ಲೇ ಗೊತ್ತಾಗುತ್ತೆ, ಅಲ್ವಾ?

ಕೋಡ್ ಬದಲಾದಾಗಲೆಲ್ಲ ಟೌ(6) ಮತ್ತು ಟೌ(2)×ಟೌ(3) ಎರಡೂ -6048 ಬರುತ್ತಾ ಅಂತ ಮೊದಲು ನೋಡುತ್ತೇವೆ. ರಾಮಾನುಜನ್ 1916ರಲ್ಲಿ ಗುರುತಿಸಿದ, ಮಾರ್ಡೆಲ್ 1917ರಲ್ಲಿ ಸಾಧಿಸಿದ ಗುಣ ಅದು. ಈ ಪರೀಕ್ಷೆ ನನಗೆ ತುಂಬಾ ಇಷ್ಟ. ಇನ್ನೊಂದು ಮಾತು: ಸೇಜ್, ಪಾರಿ ಅನ್ನೋ ಎರಡೂ ಗಣಿತ ಸಾಫ್ಟ್‌ವೇರ್‌ಗಳಲ್ಲಿ ಒಂದೇ ಉತ್ತರ ಬಂತು ಅಂತ ನೆಮ್ಮದಿಯಾಗಬೇಡಿ, ಸೇಜ್ ಎಷ್ಟೋ ಕಡೆ ಒಳಗೊಳಗೇ ಪಾರಿಯನ್ನೇ ಕರೆಯುತ್ತೆ. ನಾವು ಚಿಕ್ಕ ಕೇಸುಗಳಿಗೆ ಸರಣಿಯನ್ನು ಬೇರೆಯಾಗಿ ಕೂಡಿಸಿ ನೋಡುತ್ತೇವೆ.

ಮೀಟಿಂಗ್ ಮಂಗಳವಾರ ಮಧ್ಯಾಹ್ನ ಎರಡೂವರೆಗೆ, ಬೋರ್ಡೋದಲ್ಲಿ ಆಗ ಹನ್ನೊಂದು ಗಂಟೆ. ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಿಟ್ಟರೆ ನಾವು ಮೂರೂವರೆಗೆ ಕೂರುತ್ತೇವೆ.

ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಗೆ ಅದೇ ಪುಟ ಕೊಟ್ಟೆ. ಎರಡು ದಿನ ಬಿಟ್ಟು ಬಂದು, ‘ಸರ್, ಪೀಟರ್ಸನ್ ಪ್ರಾಡಕ್ಟನ್ನ ವಾಲ್ಯೂಮಿಂದ ಭಾಗಿಸಿದ್ದೀರಾ ಇಲ್ವಾ, ಇದರಲ್ಲಿ ಬರೆದೇ ಇಲ್ಲ’ ಅಂದಳು. ಎರಡು ಫಾರ್ಮ್‌ಗಳನ್ನು ಸೇರಿಸಿ ಒಂದು ಪ್ರದೇಶದ ಮೇಲೆ ಇಂಟಿಗ್ರೇಟ್ ಮಾಡಿದರೆ ಸಿಗುವ ಸಂಖ್ಯೆ ಆ ಪ್ರಾಡಕ್ಟ್, ವಾಲ್ಯೂಮ್ ಅಂದರೆ ಆ ಪ್ರದೇಶದ ಅಳತೆ. ಲೆವೆಲ್ 1ರಲ್ಲಿ ಭಾಗಿಸಿದ್ದಕ್ಕೂ ಬಿಟ್ಟಿದ್ದಕ್ಕೂ π/3 ಪಟ್ಟು ವ್ಯತ್ಯಾಸ. ಆ ಸಾಲನ್ನು ಅವಳ ಕೈಲೇ ಬರೆಸಿದೆ.