ಹಿತ್ತಿಲಿನ ಶವರಿಗೆ ನೀರು ತಂದ ಬಗೆ

ತೋಟದ ಕೆಲಸ ಮುಗಿಸಿದವರು ಕೆಸರು ಮೆತ್ತಿದ ಕಾಲಿನಲ್ಲಿ ಒಳಗಿನ ಬಚ್ಚಲಿಗೆ ಬರುವ ಬದಲು ಹಿತ್ತಿಲಲ್ಲೇ ಮೀಯುವಂತಾಗಲೆಂದು, ಮನೆಯ ಹಿಂಬದಿಯ ಚಿರೆಕಲ್ಲಿನ ಗೋಡೆಗೆ ನಾನೇ ಒಂದು ಶವರ್ ಜೋಡಿಸಿದ್ದೇನೆ. ಈ ಕೆಲಸಕ್ಕೆ ಕೈಹಾಕುವವರು ಶವರ್ ಆರಿಸಲು ಅಂಗಡಿಗೆ ಹೋಗುವ ಮೊದಲು ಟ್ಯಾಂಕಿನ ಎತ್ತರವನ್ನು ಅಳೆಯಬೇಕು.

ಪಂಪಿನ ನೆರವಿಲ್ಲದೆ ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರಿಗೆ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 0.1 ಬಾರ್ ಒತ್ತಡ ಸಿಗುತ್ತದೆ. ನಮ್ಮ ಟ್ಯಾಂಕಿನ ತಳ ಶವರಿನ ಬಾಯಿಗಿಂತ 3 ಮೀಟರ್ ಮೇಲಿದೆ, ಅಂದರೆ ಖಾಲಿಯಾಗುವ ಹೊತ್ತಿಗೆ ಉಳಿಯುವುದು ಬರೀ 0.3 ಬಾರ್. ಇಷ್ಟು ಕಡಿಮೆ ಒತ್ತಡವನ್ನು ದಾರಿಯಲ್ಲಿ ಕಳೆದುಕೊಳ್ಳಬಾರದೆಂದು ಟ್ಯಾಂಕಿನಿಂದ 1 ಇಂಚಿನ ಪೈಪ್ ಇಳಿಸಿ, ಗೋಡೆಯ ಬಳಿ ಮುಕ್ಕಾಲು ಇಂಚಿಗೆ ತಂದು, ಅರ್ಧ ಇಂಚನ್ನು ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಹತ್ತಿರ ಮಾತ್ರ ಬಳಸಿದೆ. ತಿರುವುಗಳಲ್ಲಿ 90 ಡಿಗ್ರಿಯ ಎಲ್ಬೋ ಬದಲು ಸಾಧ್ಯವಿದ್ದಲ್ಲೆಲ್ಲ 45 ಡಿಗ್ರಿಯ ಎರಡು ಬೆಂಡ್ ಹಾಕಿದೆ. ಗೇಟ್ ವಾಲ್ವಿನ ಜಾಗದಲ್ಲಿ ಪೂರ್ಣ ತೆರೆಯುವ ಬಾಲ್ ವಾಲ್ವ್ ಕೂಡಿಸಿದೆ.

ಬಿಸಿನೀರಿನ ಲೈನಿಗೆ ಹೆಚ್ಚಿನ ಎಚ್ಚರ ಬೇಕು. ಸೋಲಾರ್ ಹೀಟರಿನ ನೀರಿಗೆ ಸಾಮಾನ್ಯ ಪಿವಿಸಿ ಮೆತ್ತಗಾಗುತ್ತದೆ. ಬಿಸಿನೀರಿಗೆಂದೇ ಬರುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ತಣ್ಣೀರನ್ನೂ ಹೀಟರಿಗೆ ನೀರುಣಿಸುವ ಟ್ಯಾಂಕಿನಿಂದಲೇ ಪಡೆದೆ. ಅದನ್ನು ಬಾವಿಯ ಪಂಪಿನ ಲೈನಿನಿಂದ ತೆಗೆದಿದ್ದರೆ, ಮಿಕ್ಸರ್ ತೆರೆದಾಗ ಒತ್ತಡ ಹೆಚ್ಚಿರುವ ತಣ್ಣೀರು ಬಿಸಿನೀರಿನ ಪೈಪಿಗೆ ಹಿಮ್ಮುಖವಾಗಿ ನುಗ್ಗುತ್ತಿತ್ತು. ಆದರೂ ಎರಡೂ ಲೈನುಗಳಿಗೆ ನೀರು ಹಿಮ್ಮುಖವಾಗಿ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿದ್ದೇನೆ. ಸ್ಪ್ರಿಂಗ್ ಇರುವ ವಾಲ್ವ್ ತೆರೆದುಕೊಳ್ಳಲು ಈ ಅಲ್ಪ ಒತ್ತಡದ ಒಂದು ಪಾಲನ್ನು ತಾನೇ ನುಂಗಿಬಿಡುವುದರಿಂದ, ಹಗುರವಾದ ಬಾಗಿಲು ತೂಗಾಡುವ ಬಗೆಯದನ್ನೇ ಹುಡುಕಿ ತಂದೆ.

ಪೈಪ್ ಅಂಟಿಸುವ ಸೊಲ್ಯೂಷನ್ನನ್ನು ಪೈಪಿಗೂ ಫಿಟಿಂಗಿನ ಒಳಭಾಗಕ್ಕೂ ಹಚ್ಚಿ, ಒಳಕ್ಕೆ ತಳ್ಳುತ್ತ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಬಿಗಿಯಾಗಿ ಹಿಡಿಯಬೇಕು. ಬಿಟ್ಟರೆ ಪೈಪ್ ಹಿಂದಕ್ಕೆ ಜರುಗುತ್ತದೆ. ಒಂದು ದಿನ ಒಣಗಿದ ಮೇಲಷ್ಟೇ ನೀರು ಬಿಟ್ಟೆ. ಮಿಕ್ಸರ್ ಕೂಡುವಲ್ಲಿ ಹಿತ್ತಾಳೆಯ ತಿರುಪು ಮರೆಯಿರುವ ಫಿಟಿಂಗ್ ಅಗತ್ಯ, ಏಕೆಂದರೆ ಬರೀ ಪ್ಲಾಸ್ಟಿಕ್ಕಿನ ಮರೆ ಲೋಹದ ಬಿಗಿತಕ್ಕೆ ಸೀಳುತ್ತದೆ. ಬಿಸಿಲಿಗೆ ತೆರೆದಿರುವ ಪೈಪುಗಳಿಗೆ ನೀರಿನಲ್ಲಿ ಕಲಸುವ ಬಣ್ಣವನ್ನೇ ಬಳಿದೆ. ಥಿನ್ನರ್ ಬೆರೆಸಿದ ಬಣ್ಣ ಸಿಪಿವಿಸಿಗೆ ಹಾನಿಕರ.

ನೆಲಕ್ಕೆ ಅಡಿಗೆ ಕಾಲು ಇಂಚಿನ ಇಳಿಜಾರು ಕೊಟ್ಟು ಒರಟು ಕಲ್ಲು ಹಾಸಿದೆ. ತೋಟದಿಂದ ಬರುವ ಕಾಲುಗಳಲ್ಲಿ ಮಣ್ಣೇ ಹೆಚ್ಚಿರುವುದರಿಂದ ನೀರು ಮೊದಲು ಒಂದು ಸಣ್ಣ ತೊಟ್ಟಿಗೆ ಬೀಳುತ್ತದೆ. ಹೊರಹೋಗುವ 3 ಇಂಚಿನ ಪೈಪ್ ಅದರ ತಳಕ್ಕಿಂತ ಮೇಲಿರುವುದರಿಂದ ಕೆಸರು ಅಲ್ಲೇ ತಂಗಿ, ತಿಳಿಯಾದ ನೀರು ಬಾವಿಯ ವಿರುದ್ಧ ದಿಕ್ಕಿನಲ್ಲಿರುವ ಬಾಳೆಯ ಬುಡಕ್ಕೆ ಹರಿಯುತ್ತದೆ. ಆ ತೊಟ್ಟಿಗೆ ಕೈಯಲ್ಲಿ ಎತ್ತಬಹುದಾದಷ್ಟು ಹಗುರದ ಮುಚ್ಚಳವನ್ನೇ ಇಟ್ಟಿದ್ದೇನೆ, ಮಳೆಗಾಲದಲ್ಲಿ ಅದನ್ನು ಆಗಾಗ ತೆರೆದು ಕೆಸರು ತೋಡಬೇಕಾಗುತ್ತದೆ.