‘ಸಾಂಪ್ರದಾಯಿಕ’ ಅನ್ನುವ ಮೊದಲು

ಕರಡು ತಿದ್ದುವಾಗ ನಾನು ಮೊದಲು ಹುಡುಕುವುದು ‘ಸಾಂಪ್ರದಾಯಿಕ’ ಎಂಬ ಪದವನ್ನು. ಸೀರೆ, ವೈದ್ಯ, ಭತ್ತ, ಕಲ್ಲಿದ್ದಲು, ಎಲ್ಲದಕ್ಕೂ ಅದನ್ನೇ ಅಂಟಿಸಿರುತ್ತಾರೆ. ಕಂಡಲ್ಲೆಲ್ಲ ಒಂದೇ ಪ್ರಶ್ನೆ ಹಾಕುತ್ತೇನೆ: ಇದು ಯಾವ ದಾರಿಯಲ್ಲಿ ಬಂತು? ಕಲಿಸಿದವರಿಂದಲೋ, ಮನೆತನದಿಂದಲೋ, ಬಳಸಿ ಬಳಸಿ ನೆಲೆ ನಿಂತಿತೋ, ಅಥವಾ ಬರೀ ಹಳೆಯದೋ?

ಗುರುವಿನಿಂದ ಶಿಷ್ಯನಿಗೆ ದಾಟಿ ಬಂದದ್ದಕ್ಕೆ ‘ಸಂಪ್ರದಾಯ’ ಸರಿಯಾಗಿ ಹೊಂದುತ್ತದೆ. ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳ ಕುಣಿತ, ವೇಷ ಕಟ್ಟುವ ಕ್ರಮ ಇಂಥವು. ‘ಇಕ’ ಪ್ರತ್ಯಯ ಹತ್ತಿದಾಗ ಮೊದಲ ಅಕ್ಷರ ದೀರ್ಘವಾಗುತ್ತದೆ, ಹಾಗಾಗಿ ‘ಸಂಪ್ರದಾಯಿಕ’, ‘ಪರಂಪರಿಕ’ ಎರಡೂ ತಪ್ಪು. ಆಚಾರ ಬಿಡದ ಮನುಷ್ಯರಿಗೆ ‘ಸಂಪ್ರದಾಯಸ್ಥ’. ಅಲ್ಲಿ ದೀರ್ಘ ಬೇಡ.

ತಲೆಮಾರಿನಿಂದ ತಲೆಮಾರಿಗೆ ಬಂದದ್ದು ಪಾರಂಪರಿಕ. ಕಾನೂನಿನ ಬರಹದಲ್ಲಿ ಈ ಪದವಿದ್ದರೆ ಅದನ್ನು ಬದಲಿಸಲೇಬಾರದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ‘ಇತರೆ ಪಾರಂಪರಿಕ ಅರಣ್ಯವಾಸಿ’ ಎನಿಸಿಕೊಳ್ಳಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಕನಿಷ್ಠ ಮೂರು ತಲೆಮಾರು ಕಾಡಿನಲ್ಲಿ ನೆಲೆಸಿ, ಬದುಕಿಗೆ ಕಾಡನ್ನೇ ನೆಚ್ಚಿರಬೇಕು. ತಲೆಮಾರಿಗೆ 25 ವರ್ಷದ ಲೆಕ್ಕ, ಒಟ್ಟು 75. ಇಲ್ಲಿ ಅಂದಕ್ಕೆಂದು ‘ಸಾಂಪ್ರದಾಯಿಕ ಬುಡಕಟ್ಟು ಜನ’ ಎಂದು ತಿದ್ದಿದರೆ ಅರ್ಥವೇ ತಲೆಕೆಳಗು. ಬುಡಕಟ್ಟು ಜನರಿಗೆ ಅದೇ ಕಾಯ್ದೆಯಲ್ಲಿ ಬೇರೆ ವರ್ಗವಿದೆ, ಅವರಿಗೆ ಈ 75 ವರ್ಷದ ಷರತ್ತೂ ಇಲ್ಲ. ಆಸ್ತಿಯ ವಿಷಯ ಬಂದರೆ ಪದ ಇನ್ನೂ ಬೇರೆ: ಪಿತ್ರಾರ್ಜಿತ. ರೋಗ ಅಥವಾ ಗುಣ ವಂಶದಲ್ಲಿ ಇಳಿದು ಬಂದರೆ ಆನುವಂಶಿಕ.

ವೈದ್ಯರ ವಿಷಯದಲ್ಲಂತೂ ಎಡವುವವರೇ ಹೆಚ್ಚು. ಮನೆಯ ಹಿರಿಯರಿಂದ ಗಿಡಮೂಲಿಕೆ ಮದ್ದು ಕಲಿತವರು ನಾಟಿ ವೈದ್ಯರು ಅಥವಾ ಪಾರಂಪರಿಕ ವೈದ್ಯರು. ಕಾಲೇಜಿನಲ್ಲಿ ಓದಿ ಪದವಿ ಪಡೆದವರು ಆಯುರ್ವೇದ ವೈದ್ಯರು. ‘ಸಾಂಪ್ರದಾಯಿಕ ವೈದ್ಯ’ ಎಂದು ಬರೆದುಬಿಟ್ಟರೆ ಇಬ್ಬರಲ್ಲಿ ಯಾರೆಂದು ಓದುಗರಿಗೆ ತಿಳಿಯುವುದಿಲ್ಲ.

‘ನಾಟಿ’ಗೂ ಒಂದು ತೊಡಕಿದೆ. ನಾಟಿ ಕೋಳಿ ಅಂದರೆ ಯಾರಿಗೂ ಗೊಂದಲವಿಲ್ಲ. ‘ನಾಟಿ ಭತ್ತ’ ಎಂದರೆ ಗದ್ದೆ ಮಾಡುವವರಿಗೆ ಸಸಿ ಕಿತ್ತು ನೆಟ್ಟ ಭತ್ತವೇ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ನಾನು ‘ನಾಟಿ ತಳಿ’ ಎಂದು ಬಿಡಿಸುತ್ತೇನೆ, ಸಾಧ್ಯವಾದರೆ ರಾಜಮುಡಿ, ರತ್ನಚೂಡಿ ಎಂದು ಹೆಸರನ್ನೇ ಹಾಕುತ್ತೇನೆ. ಉತ್ತರ ಕರ್ನಾಟಕದ ಬರಹವಾದರೆ ‘ಜವಾರಿ’ಯನ್ನು ಹಾಗೇ ಉಳಿಸುತ್ತೇನೆ. ಜವಾರಿ ಬದನೆಕಾಯಿಯನ್ನು ‘ದೇಸಿ’ ಮಾಡಿದರೆ ಊರ ಸೊಗಡು ಹೋಯಿತು.

ಬಳಕೆಯಿಂದ ನಿಂತದ್ದಕ್ಕೆ ‘ರೂಢಿ’, ‘ವಾಡಿಕೆ’. ಸಭೆ ಹತ್ತು ನಿಮಿಷ ತಡವಾಗಿ ಶುರುವಾಗುವುದು ರೂಢಿ, ಸಂಪ್ರದಾಯವಲ್ಲ. ‘ವಾಡಿಕೆ ಮಳೆ’ ಎಂಬುದು ಬರೀ ಅಂದಾಜಿನ ಮಾತಲ್ಲ. ಹವಾಮಾನ ಇಲಾಖೆ ಇಡೀ ದೇಶದ ಮುಂಗಾರಿಗೆ ಇಟ್ಟುಕೊಂಡಿರುವ ವಾಡಿಕೆ 1971ರಿಂದ 2020ರವರೆಗಿನ ಸರಾಸರಿ, 87 ಸೆಂ.ಮೀ. ಅದನ್ನು ‘ಸಾಮಾನ್ಯ ಮಳೆ’ ಎಂದು ಬದಲಿಸಿದರೆ ಸಾಧಾರಣ ಮಳೆ, ಜೋರು ಮಳೆ ಎಂಬ ಸಾಲಿಗೆ ಸೇರಿಬಿಡುತ್ತದೆ. ‘ಮಾಮೂಲು’ ಮಾತಿಗೆ ಚೆಂದ; ಕಚೇರಿಯ ಸುದ್ದಿಯಲ್ಲಿ ಬಂದರೆ ಲಂಚ ಎಂದೇ ಅರ್ಥ.

ಇಂಧನದ ವಿಷಯ ಬೇರೆ. ಆ ಕ್ಷೇತ್ರದವರಿಗೆ ಕಲ್ಲಿದ್ದಲು ಸಾಂಪ್ರದಾಯಿಕ, ಬಿಸಿಲು ಗಾಳಿ ಅಸಾಂಪ್ರದಾಯಿಕ! ಅದೇ ಪುಟದಲ್ಲಿ ಸೌದೆ, ಬೆರಣಿಗೂ ‘ಸಾಂಪ್ರದಾಯಿಕ’ ಬಂದಿದ್ದರೆ ವಿಶೇಷಣ ತೆಗೆದು ಹೆಸರುಗಳನ್ನಷ್ಟೇ ಬಿಡುತ್ತೇನೆ.

ಬರೀ ಹಳೆಯದಾದರೆ ಕಾಲ ಹೇಳಿದರಾಯಿತು. ‘ಪುರಾತನ ದೇಗುಲ’ಕ್ಕಿಂತ ‘12ನೇ ಶತಮಾನದ ದೇಗುಲ’ ಹೆಚ್ಚು ಹೇಳುತ್ತದೆ. ‘ಅನಾದಿ ಕಾಲದಿಂದ’ ಎಂಬುದನ್ನು ನಾನು ಉಳಿಸುವುದೇ ಅಪರೂಪ. ‘ನಮ್ಮ ಸಾರಿನಲ್ಲಿ ಅನಾದಿ ಕಾಲದಿಂದ ಒಣಮೆಣಸಿನಕಾಯಿ’ ಎಂಬ ಸಾಲು ನಿಲ್ಲುವುದಿಲ್ಲ, ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ತಲುಪಿದ್ದು. ಅದಕ್ಕೆ ಮೊದಲು ಖಾರಕ್ಕೆ ಕರಿಮೆಣಸು ಇತ್ತು.

ಕೊನೆಗೆ ವಿಶೇಷಣ ಕಿತ್ತು ಓದಿ ನೋಡುತ್ತೇನೆ. ‘ಸಾಂಪ್ರದಾಯಿಕ ಇಳಕಲ್ ಸೀರೆ’ಯಲ್ಲಿ ಆ ಪದ ಹೋದರೂ ಏನೂ ಕಳೆಯುವುದಿಲ್ಲ. ಆ ಜಾಗದಲ್ಲಿ ಬರೆದವರನ್ನು ಕೇಳಿ ವಿವರ ತುಂಬಿಸುತ್ತೇನೆ: ಒಡಲಿನ ಹಾಸು (ಮಗ್ಗದ ಉದ್ದೆಳೆ) ಮತ್ತು ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಿದೆಯೇ, ಅಂಚು ಗೋಮಿಯೋ ಚಿಕ್ಕಿಯೋ, ನೂಲು ಹತ್ತಿಯೋ ರೇಷ್ಮೆಯೋ. ಇದಕ್ಕೆ ಉತ್ತರ ಬಾರದಿದ್ದರೆ ಬರೆದವರು ಮಗ್ಗದ ಹತ್ತಿರ ಹೋಗಿಲ್ಲವೆಂದು ಗೊತ್ತಾಗುತ್ತದೆ, ಕರಡು ವಾಪಸು ಹೋಗುತ್ತದೆ.